ಮಡಚುವ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಬೆಲ್‌ರೋಸ್‌ನಿಂದ ಮಾತಾಡುತ್ತಿದ್ದೇನೆ. ಈ ಸಲದ ನನ್ನ ಮಾತು ಲ್ಯಾಪ್‌ಟಾಪ್ ಬಗ್ಗೆ ಅಂದಾಗ ನಮ್ಮ ರೇಡಿಯೋ ಬಳಗದಲ್ಲಿ ಒಂದಿಬ್ಬರು ಹುಬ್ಬೇರಿಸಿದರು. ಕನ್ನಡ ಎಂ.ಎ. ಓದಿದವಳಿಗೆ ಗ್ರಾಫಿಕ್ಸ್ ಚಿಪ್ಪಿನ ಉಸಾಬರಿ ಯಾಕೆ ಅಂತ. ಯಾಕೆಂದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಮನೆಗಳಲ್ಲಿರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಏರಲಾರವು. ಅದರ ಮೇಲೆ, ಪ್ರತಿ ವರ್ಷದಂತೆ, ಕಾಲೇಜಿಗೆ ಹೊರಟ ಮಕ್ಕಳು. ಹಾಗಾಗಿ ಧ್ವನಿಮುದ್ರಣಕ್ಕೆ ಸಹಾಯ ಮಾಡಲು ಬರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಈಗ ಒಂದೇ: ಯಾವುದು ತಗೊಳ್ಳಲಿ?

ಪ್ರಶ್ನೆ ಸಣ್ಣದಲ್ಲ. ಒಂಬೈನೂರು, ಸಾವಿರ ಡಾಲರ್ ಅಂದರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಯೋಚಿಸಿ ಖರ್ಚು ಮಾಡುವ ಹಣ. ಕೊಂಡದ್ದು ನಾಲ್ಕು ವರ್ಷ ಬಾಳಬೇಕು. ಸಲಹೆ ಕೊಡುವವರಿಗೇನೂ ಕೊರತೆಯಿಲ್ಲ. ಐಟಿಯಲ್ಲಿರುವ ಅಂಕಲ್ ಒಬ್ಬರು ಇದ್ದೇ ಇರುತ್ತಾರೆ. ಅವರು ಇಪ್ಪತ್ತು ವರ್ಷದಿಂದ ಡೇಟಾಬೇಸ್ ನೋಡಿಕೊಂಡಿದ್ದರೂ ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಖಚಿತವಾಗಿ ಹೇಳಬಲ್ಲರು. ಅವರ ಮಾತು ಸಾಮಾನ್ಯವಾಗಿ ಎರಡರಲ್ಲಿ ಒಂದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು ಬೇಡ. ಇಲ್ಲವೇ, ಮ್ಯಾಕ್ ತಗೊ, ತಲೆನೋವಿಲ್ಲ. ಇವೆರಡರ ನಡುವೆ ಇರುವ ಮೂರನೆಯ ದಾರಿಯ ಬಗ್ಗೆ ಇವತ್ತು ಹೇಳುತ್ತೇನೆ. ಪೂರ್ತಿ ಹಿಂದಕ್ಕೆ ಮಡಚಬಹುದಾದ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಆದರೆ ಒಳಗಿನ ಗ್ರಾಫಿಕ್ಸೇ ಗಟ್ಟಿಯಾಗಿರುವ ಮಧ್ಯಮ ಬೆಲೆಯ ಲ್ಯಾಪ್‌ಟಾಪ್. ಮಧ್ಯಮ ಅಂದರೆ 700ರಿಂದ 1,000 ಡಾಲರ್ ಅಂತ ಇಟ್ಟುಕೊಳ್ಳೋಣ. ಇಂಥದನ್ನು ಆರಿಸುವಾಗ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಕೊಂಡರೆ ಮೋಸಹೋಗುವ ಸಾಧ್ಯತೆ ಹೆಚ್ಚು. ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಯಂತ್ರಗಳು ಸಿಗುತ್ತವೆ.

ಮೊದಲು ಈ ಒಳಗಿನ ಗ್ರಾಫಿಕ್ಸ್ ಅಂದರೇನು ನೋಡೋಣ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಬಿಡಿಸುವ ಚಿಪ್ಪು ಬೇರೆಯೇ ಇರುತ್ತದೆ, ಅದಕ್ಕೆ ಅದರದೇ ಮೆಮೊರಿ ಇರುತ್ತದೆ. ಬೇರೆ ಮನೆ ಮಾಡಿಕೊಂಡ ಮಗನ ಹಾಗೆ; ಅವನ ಅಡುಗೆಮನೆ ಅವನದು, ಕರೆಂಟ್ ಬಿಲ್ಲೂ ಅವನದು. ಇಂಟಿಗ್ರೇಟೆಡ್ ಗ್ರಾಫಿಕ್ಸ್ ಕೂಡುಕುಟುಂಬ. ಮುಖ್ಯ ಪ್ರೊಸೆಸರ್ ಇರುವ ಚಿಪ್ಪಿನಲ್ಲೇ ಅದೂ ಕೂತಿರುತ್ತದೆ, ಇಬ್ಬರಿಗೂ ಉಗ್ರಾಣ ಒಂದೇ, ಅಂದರೆ ಮೆಮೊರಿ ಒಂದೇ. ಮೊದಲೆಲ್ಲ ಈ ಕೂಡುಕುಟುಂಬದ ಗ್ರಾಫಿಕ್ಸ್ ಬಡಪಾಯಿಯಾಗಿತ್ತು. ವಿಡಿಯೋ ನೋಡಲು ಸಾಕು, ಆಟಕ್ಕೆ ಸಾಲದು. 2020ರಲ್ಲಿ ಇಂಟೆಲ್‌ನ ಐರಿಸ್ ಎಕ್ಸ್‌ಇ ಬಂದಾಗ ಸ್ವಲ್ಪ ಚೇತರಿಸಿತು. 2023ರಲ್ಲಿ ಎಎಂಡಿಯ ರೇಡಿಯಾನ್ 780ಎಂ ಬಂದಾಗ ಬೇರೆಯೇ ಮಟ್ಟಕ್ಕೆ ಹೋಯಿತು. ನಿಮ್ಮಲ್ಲಿ ಕೆಲವರು ಅಸೂಸ್ ಕಂಪನಿಯ ಆರ್‌ಒಜಿ ಆಲೈ ಅನ್ನುವ ಕೈಯಲ್ಲಿ ಹಿಡಿಯುವ ಆಟದ ಯಂತ್ರ ನೋಡಿರಬಹುದು. 2023ರಲ್ಲಿ ಬಂದದ್ದು. ಅದರ ರೈಜೆನ್ ಝಡ್1 ಎಕ್ಸ್‌ಟ್ರೀಮ್ ಚಿಪ್ಪಿನಲ್ಲಿರುವುದೂ 780ಎಂನಂತೆ 12 ಗ್ರಾಫಿಕ್ಸ್ ಘಟಕಗಳೇ. ಪ್ರತ್ಯೇಕ ಕಾರ್ಡ್ ಇಲ್ಲದೆ ಆಟ ಆಡಿಸುವುದೇ ಅದರ ಕಸುಬು.

ಉಗ್ರಾಣ ಒಂದೇ ಆದಾಗ ಎರಡು ಪ್ರಶ್ನೆ ಏಳುತ್ತವೆ: ಅದು ಎಷ್ಟು ದೊಡ್ಡದು, ಅದರ ಬಾಗಿಲು ಎಷ್ಟು ಅಗಲ. ಮೊದಲನೆಯದು ಎಲ್ಲರಿಗೂ ಗೊತ್ತು, 8 ಜಿಬಿ, 16 ಜಿಬಿ ಅಂತ ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಪೆಟ್ಟಿಗೆಯ ಮೇಲೂ ಇರುವುದಿಲ್ಲ. ಗ್ರಾಫಿಕ್ಸ್ ಕೆಲಸಕ್ಕೆ ನಿಜವಾಗಿ ಮುಖ್ಯವಾದದ್ದು ಅದೇ. ಲೆಕ್ಕ ನೋಡಿ. ಡಿಡಿಆರ್5-5600 ಮೆಮೊರಿಯ ಒಂದೇ ಕಡ್ಡಿ ಹಾಕಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 44.8 ಗಿಗಾಬೈಟ್ ಹರಿಯಬಲ್ಲದು. ಎರಡು ಕಡ್ಡಿ ಹಾಕಿದರೆ 89.6. ಬೋರ್ಡಿಗೇ ಬೆಸೆದ ಎಲ್‌ಪಿಡಿಡಿಆರ್5ಎಕ್ಸ್-6400 ಆದರೆ, ಪೂರ್ತಿ ಅಗಲದಲ್ಲಿ, 102.4. ಚಿಪ್ಪು ಅದೇ, ಹೆಸರು ಅದೇ, 16 ಜಿಬಿ ಅನ್ನುವುದೂ ಅದೇ. ಆದರೆ ಒಂದು ಕಡ್ಡಿಯ ಯಂತ್ರದಲ್ಲಿ ಗ್ರಾಫಿಕ್ಸ್ ಅರ್ಧ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ. ಕ್ರಾಸ್ ಐಲ್ಯಾಂಡ್ ಪಾರ್ಕ್‌ವೇಯಲ್ಲಿ ರಿಪೇರಿ ನಡೆದು ಲೇನ್ ಮುಚ್ಚಿದ ದಿನ ನೆನಪಿಸಿಕೊಳ್ಳಿ. ನಿಮ್ಮ ಕಾರು ಯಾವುದಾದರೇನು?

ಇಂಟೆಲ್ ಇದನ್ನು ತಾನೇ ಒಪ್ಪಿಕೊಂಡಿದೆ ಅನ್ನಬಹುದು. ಐರಿಸ್ ಎಕ್ಸ್‌ಇ ಇರುವ ಚಿಪ್ಪಿಗೆ ಒಂದೇ ಸಾಲಿನ ಮೆಮೊರಿ ಹಾಕಿದರೆ ಅದು ತನ್ನನ್ನು ಬರೀ ಯುಎಚ್‌ಡಿ ಗ್ರಾಫಿಕ್ಸ್ ಅಂತ ಕರೆದುಕೊಳ್ಳುತ್ತದೆ. ಕೋರ್ ಅಲ್ಟ್ರಾದ ಮೊದಲ ಸರಣಿಯಲ್ಲಿ ಆರ್ಕ್ ಎಂಬ ಹೆಸರು ಬರಬೇಕಾದರೂ ಎರಡು ಸಾಲಿನಲ್ಲಿ ಕನಿಷ್ಠ 16 ಜಿಬಿ ಇರಬೇಕು. ಒಳ್ಳೆಯ ಸಂಪ್ರದಾಯ. ಎಲ್ಲರೂ ಹೀಗೆ ಮಾಡಿದ್ದರೆ ಈ ಮಾತೇ ಬೇಕಿರಲಿಲ್ಲ.

ಈಗ ಹೆಸರಿನ ಗೊಂದಲಕ್ಕೆ ಬರೋಣ. ರೈಜೆನ್ 7 7730ಯು, ರೈಜೆನ್ 7 7840ಯು. ನೋಡಿದರೆ ಅಣ್ಣತಮ್ಮಂದಿರ ಹಾಗಿವೆ, ನೂರು ಹತ್ತರ ವ್ಯತ್ಯಾಸ. ಆದರೆ ಮೊದಲನೆಯದು ಹಳೆಯ ಝೆನ್ 3 ವಿನ್ಯಾಸ, ಅದರ ಗ್ರಾಫಿಕ್ಸ್ ಇನ್ನೂ ಹಳೆಯ ವೇಗಾ ಪೀಳಿಗೆಯದು. ಎರಡನೆಯದು ಝೆನ್ 4, ಅದರಲ್ಲಿರುವುದು 780ಎಂ. ಆ ಸರಣಿಯಲ್ಲಿ ಗುಟ್ಟು ಅಡಗಿರುವುದು ಮೂರನೆಯ ಅಂಕಿಯಲ್ಲಿ: 7730ರ 3 ಅಂದರೆ ಝೆನ್ 3, 7840ರ 4 ಅಂದರೆ ಝೆನ್ 4. ಮೊದಲ ಅಂಕಿ ಮಾರುಕಟ್ಟೆಗೆ ಬಿಟ್ಟ ವರ್ಷಕ್ಕೆ ಸಂಬಂಧಿಸಿದ್ದು ಅಷ್ಟೆ. ಹಳೇ ಅಕ್ಕಿಗೆ ಹೊಸ ಚೀಲ. ಇಂಟೆಲ್ ಕಡೆಗೂ ಇದೇ ಕಥೆ. ಕೋರ್ ಅಲ್ಟ್ರಾ 7 155ಎಚ್‌ನಲ್ಲಿ 8 ಗ್ರಾಫಿಕ್ಸ್ ಕೋರ್, 155ಯುನಲ್ಲಿ 4. ಕೊನೆಯ ಒಂದು ಅಕ್ಷರ ಅರ್ಧವನ್ನೇ ನುಂಗಿತು. ಕನ್ನಡದಲ್ಲಿ ಒಂದು ದೀರ್ಘ ಬಿಟ್ಟರೆ ಅರ್ಥ ಕೆಡುತ್ತದೆ ಅಂತ ನಿಮಗೆ ಕ್ಲಾಸಿನಲ್ಲಿ ಹೇಳುತ್ತೇವಲ್ಲ, ಇಲ್ಲೂ ಹಾಗೇ.

ಒಂದು ನಿಜವಾದ ಯಂತ್ರವನ್ನು ಮುಂದಿಟ್ಟುಕೊಂಡರೆ ಸುಲಭ. ಲೆನೊವೊ ಕಂಪನಿಯ ಯೋಗಾ 7 ಟು-ಇನ್-ಒನ್, 14 ಇಂಚಿನದು, 2024ರ ಎಎಂಡಿ ಮಾದರಿ. ಮಡಚುವ ಲ್ಯಾಪ್‌ಟಾಪ್‌ಗಳನ್ನು ಜನಪ್ರಿಯ ಮಾಡಿದ್ದೇ ಈ ಯೋಗಾ ಸರಣಿ, 2012ರಲ್ಲಿ. ಹೆಸರು ನಮ್ಮದೇ; ಬೆನ್ನು ಹಿಂದಕ್ಕೆ ಬಗ್ಗಿಸುತ್ತದೆ ಅಂತ ಇಟ್ಟದ್ದು. 2024ರ ಈ ಮಾದರಿ ಎರಡು ಚಿಪ್ಪುಗಳಲ್ಲಿ ಬರುತ್ತದೆ. ರೈಜೆನ್ 7 8840ಎಚ್‌ಎಸ್ ಆದರೆ 780ಎಂ, 12 ಘಟಕ. ರೈಜೆನ್ 5 8640ಎಚ್‌ಎಸ್ ಆದರೆ 760ಎಂ, 8 ಘಟಕ. ಮೆಮೊರಿ ಬೋರ್ಡಿಗೆ ಬೆಸೆದದ್ದು, ಹಾಗಾಗಿ ಬಾಗಿಲು ಅಗಲವಾಗಿಯೇ ಇರುತ್ತದೆ. ಆದರೆ ಮುಂದೆ ಎಂದೂ ಹೆಚ್ಚಿಸಲಾಗುವುದಿಲ್ಲ. 16 ಜಿಬಿ ಕೊಂಡರೆ ಕೊನೆಯವರೆಗೂ 16 ಜಿಬಿ, ಅದರಲ್ಲೇ ಗ್ರಾಫಿಕ್ಸ್‌ಗೂ ಪಾಲು. ಒಂದು ಆಟ 3-4 ಜಿಬಿ ಎಳೆದುಕೊಂಡರೆ ಉಳಿದವರಿಗೆ 12. ಇವತ್ತಿಗೆ ಸಾಕು. ನಾಲ್ಕನೆಯ ವರ್ಷದ ಹೊತ್ತಿಗೆ ಬಿಗಿಯಾಗಬಹುದು. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರಿರುವುದರಿಂದ 32 ಜಿಬಿ ತಗೊಳ್ಳಿ ಅಂತ ನಾನು ಹಗುರಾಗಿ ಹೇಳಲಾರೆ. 8 ಜಿಬಿ ಮಾತ್ರ ಯಾವ ಬೆಲೆಗೂ ಬೇಡ.

ಇನ್ನು ತಮಾಷೆ ಕೇಳಿ. ಅದೇ ಯೋಗಾ 7ರ 2025ರ ಎಎಂಡಿ ಮಾದರಿಯಲ್ಲಿ ರೈಜೆನ್ ಎಐ 5 340 ಅಥವಾ ರೈಜೆನ್ ಎಐ 7 350 ಚಿಪ್ಪು. ಗ್ರಾಫಿಕ್ಸ್ ಹೆಸರು 840ಎಂ, 860ಎಂ. 780ಕ್ಕಿಂತ 840 ದೊಡ್ಡದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಘಟಕಗಳನ್ನು ಎಣಿಸಿ: 840ಎಂನಲ್ಲಿ 4, 860ಎಂನಲ್ಲಿ 8. ಹೊಸ ವಿನ್ಯಾಸವಾದ್ದರಿಂದ ಒಂದೊಂದು ಘಟಕ ಸ್ವಲ್ಪ ಹೆಚ್ಚು ದುಡಿಯುತ್ತದೆ, ನಿಜ. ಆದರೆ 12 ಘಟಕದ ಮುಂದೆ 4 ಘಟಕ ನಿಲ್ಲುವುದಿಲ್ಲ. ಗ್ರಾಫಿಕ್ಸ್ ನಿಮಗೆ ಮುಖ್ಯವಾದರೆ, ಅಂಗಡಿಯಲ್ಲಿ ಉಳಿದಿರುವ ಹಿಂದಿನ ವರ್ಷದ 8840ಎಚ್‌ಎಸ್ ಮಾದರಿ ಕಡಿಮೆ ಬೆಲೆಗೆ ಸಿಕ್ಕಿದರೆ ಅದೇ ಉತ್ತಮ ಅಂತ ನನ್ನ ಅಭಿಪ್ರಾಯ. ಇಂಟೆಲ್ ಕಡೆ ನೋಡುವವರು ಕೋರ್ ಅಲ್ಟ್ರಾ 200ವಿ ಸರಣಿ ಹುಡುಕಬಹುದು. ಅಲ್ಟ್ರಾ 7 258ವಿನಲ್ಲಿ ಆರ್ಕ್ 140ವಿ, 8 ಕೋರ್. ಅಲ್ಟ್ರಾ 5 226ವಿನಲ್ಲಿ 130ವಿ, 7 ಕೋರ್. ಇಲ್ಲಿ ಮೆಮೊರಿ ಚಿಪ್ಪಿನ ಜೊತೆಗೇ ಬರುತ್ತದೆ. ಅಂಕಿಯ ಕೊನೆ 6 ಆದರೆ 16 ಜಿಬಿ, 8 ಆದರೆ 32 ಜಿಬಿ. ಅಪರೂಪಕ್ಕೆ ಹೆಸರೇ ನಿಜ ಹೇಳುತ್ತದೆ.

ಇಷ್ಟೆಲ್ಲ ಇದ್ದರೂ ಇನ್ನೊಂದು ತೊಡಕಿದೆ, ವಿದ್ಯುತ್ತು. 8840ಎಚ್‌ಎಸ್ ಚಿಪ್ಪಿಗೆ ಎಷ್ಟು ವಾಟ್ ಕೊಡಬೇಕೆಂದು ಲ್ಯಾಪ್‌ಟಾಪ್ ಮಾಡುವವರು 20ರಿಂದ 30ರ ನಡುವೆ ನಿರ್ಧರಿಸಬಹುದು. ಅದರ ಜೊತೆಗಾರ 8840ಯುಗೆ 15ರಿಂದ 30. ತೆಳ್ಳಗಿನ ದೇಹಕ್ಕೆ ಕಡಿಮೆ ಕೊಡುತ್ತಾರೆ, ಇಲ್ಲವಾದರೆ ಬಿಸಿಯಾಗುತ್ತದೆ. ಹಾಗಾಗಿ ಒಂದೇ ಚಿಪ್ಪಿನ ಎರಡು ಲ್ಯಾಪ್‌ಟಾಪ್‌ಗಳ ವೇಗ ಒಂದೇ ಇರಬೇಕಾಗಿಲ್ಲ. ಯೂಟ್ಯೂಬ್‌ನಲ್ಲಿ ವಿಮರ್ಶೆ ನೋಡುವಾಗ ಚಿಪ್ಪಿನ ವಿಮರ್ಶೆ ನೋಡಬೇಡಿ, ನೀವು ಕೊಳ್ಳುವ ಅದೇ ಮಾದರಿಯದನ್ನು ನೋಡಿ. ಮೊದಲ ಎರಡು ನಿಮಿಷದ ವೇಗವಲ್ಲ, ಇಪ್ಪತ್ತು ನಿಮಿಷದ ನಂತರದ್ದು.

ಏನು ಸಾಧ್ಯ, ಏನು ಅಸಾಧ್ಯ? 780ಎಂ ಮಟ್ಟದ ಗ್ರಾಫಿಕ್ಸ್ ಇದ್ದರೆ ಮೈನ್‌ಕ್ರಾಫ್ಟ್, ವ್ಯಾಲೊರಂಟ್, ರಾಕೆಟ್ ಲೀಗ್ ಆರಾಮವಾಗಿ ಆಡಬಹುದು. ಸೈಬರ್‌ಪಂಕ್ 2077ರಂಥ ಭಾರಿ ಆಟಕ್ಕೆ ಸೆಟ್ಟಿಂಗ್ ಕೆಳಗಿಳಿಸಬೇಕು, ತಾಳ್ಮೆಯೂ ಬೇಕು. ನಮ್ಮ ರಾಜ್ಯೋತ್ಸವದ ನಾಟಕದ ವಿಡಿಯೋ ಕತ್ತರಿಸಿ ಜೋಡಿಸುವುದು, ಆಡಿಯೋ ಸ್ವಚ್ಛ ಮಾಡುವುದು ಇದಕ್ಕೆ ಲೆಕ್ಕಕ್ಕಿಲ್ಲ. ಎವಿ1 ಎಂಬ ಹೊಸ ವಿಡಿಯೋ ಪದ್ಧತಿಯನ್ನೂ ಚಿಪ್ಪೇ ನಿಭಾಯಿಸುತ್ತದೆ. ಆದರೆ ಎನ್‌ವಿಡಿಯಾದ ಕೂಡಾ ಬೇಕೇ ಬೇಕು ಅನ್ನುವ ಕೋರ್ಸು ಇದ್ದರೆ ಈ ದಾರಿ ನಿಮಗಲ್ಲ. ಕೂಡಾ ಎನ್‌ವಿಡಿಯಾ ಚಿಪ್ಪಿಗೆ ಮಾತ್ರ ಮೀಸಲು. ಆರ್‌ಟಿಎಕ್ಸ್ 4050ರಂಥ ಸಾಧಾರಣ ಲ್ಯಾಪ್‌ಟಾಪ್ ಕಾರ್ಡಿಗೂ ತನ್ನದೇ 6 ಜಿಬಿ ಮೆಮೊರಿ, ಸೆಕೆಂಡಿಗೆ 192 ಗಿಗಾಬೈಟ್ ಹರಿವು ಇರುತ್ತದೆ. ಕೂಡುಕುಟುಂಬದ 102ರ ಜೊತೆ ಹೋಲಿಸಿ ನೋಡಿ, ಅಂಕಲ್ ಹೇಳಿದ್ದರಲ್ಲೂ ಸತ್ಯವಿದೆ. ಅವರು ತೂಕ ಹೇಳುವುದನ್ನು ಮರೆಯುತ್ತಾರೆ, ಅಷ್ಟೆ. ಹಿಲ್‌ಸೈಡ್ ಅವೆನ್ಯೂ ಬಸ್ಸು ಹಿಡಿದು, 179ನೇ ಬೀದಿಯಲ್ಲಿ ಎಫ್ ರೈಲು ಹತ್ತಿ ಕಾಲೇಜಿಗೆ ಹೋಗಿಬರುವ ಹುಡುಗಿಯ ಬೆನ್ನಿಗೆ ಐದು ಪೌಂಡಿನ ಯಂತ್ರ, ಅದರ ಇಟ್ಟಿಗೆಯಂಥ ಚಾರ್ಜರ್ ಎರಡನ್ನೂ ಹೊರಿಸುವ ಮೊದಲು ಅವಳನ್ನೇ ಕೇಳಬೇಕು. ಯೋಗಾ 7 ಸುಮಾರು ಮೂರೂವರೆ ಪೌಂಡು, ಫೋನಿಗೆ ಹಾಕುವ ಯುಎಸ್‌ಬಿ-ಸಿ ರಂಧ್ರದಿಂದಲೇ ಚಾರ್ಜು.

ಮಡಚುವುದು ಯಾರಿಗೆ ಬೇಕು? ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಅಂಗಡಿಯಲ್ಲಿ ಎಲ್ಲರೂ ಒಮ್ಮೆ ಮಡಚಿ ನೋಡುತ್ತಾರೆ, ಮನೆಗೆ ಬಂದ ಮೇಲೆ ಬಹಳ ಜನ ಮಡಚುವುದೇ ಇಲ್ಲ. ಮೂರೂವರೆ ಪೌಂಡಿನ ಹಲಗೆಯನ್ನು ಐಪ್ಯಾಡಿನ ಹಾಗೆ ಒಂದು ಕೈಯಲ್ಲಿ ಹಿಡಿದು ಓದಲಾಗದು. ಗಾಜಿನ ಪರದೆ ಕಿಟಕಿಯ ಬೆಳಕನ್ನು ಪ್ರತಿಫಲಿಸುತ್ತದೆ. ಇದರ ಬಳಕೆ ಇರುವುದು ಎರಡು ಕಡೆ: ಪೆನ್ನಿನಿಂದ ಬರೆಯುವವರಿಗೆ, ಮತ್ತು ನಮ್ಮಂತೆ ಮೈಕಿನ ಮುಂದೆ ಕೂರುವವರಿಗೆ.

ಮೈಕಿನ ವಿಷಯ ಮೊದಲು ಹೇಳುತ್ತೇನೆ. ಕಾಗದ ಹಿಡಿದು ಓದಿದರೆ ಪುಟ ತಿರುಗಿಸುವ ಸದ್ದು ಮುದ್ರಣವಾಗುತ್ತದೆ. ಲ್ಯಾಪ್‌ಟಾಪನ್ನು ಡೇರೆಯ ಹಾಗೆ ನಿಲ್ಲಿಸಿದರೆ ಕೀಲಿಮಣೆ ಹಿಂದಕ್ಕೆ ಹೋಗುತ್ತದೆ, ಪರದೆಯನ್ನು ಬೆರಳಿನಿಂದ ಸರಿಸಬಹುದು, ಸದ್ದಿಲ್ಲ. ಸಂಗೀತ ಕ್ಲಾಸಿನಲ್ಲಿ ಸಾಹಿತ್ಯ ನೋಡಿ ಹಾಡುವವರಿಗೂ ಇದೇ ಅನುಕೂಲ. ಆದರೆ ಫ್ಯಾನು! ಆಟ ಆಡಿಸಬಲ್ಲ ಚಿಪ್ಪು ಉಸಿರೂ ಬಿಡುತ್ತದೆ. ವಿಂಡೋಸ್ ಸೆಟ್ಟಿಂಗ್‌ನ ಪವರ್ ವಿಭಾಗದಲ್ಲಿ ಮಿತವ್ಯಯದ ಆಯ್ಕೆ ಮಾಡಿ, ಬೇರೆ ಎಲ್ಲ ಕಿಟಕಿ ಮುಚ್ಚಿ, ಐದು ನಿಮಿಷ ಬಿಟ್ಟರೆ ತಣ್ಣಗಾಗುತ್ತದೆ. ಲೆನೊವೊದಲ್ಲಿ ಎಫ್‌ಎನ್ ಮತ್ತು ಕ್ಯೂ ಕೀಲಿ ಒಟ್ಟಿಗೆ ಒತ್ತಿದರೂ ಆಗುತ್ತದೆ. ಪ್ರತ್ಯೇಕ ಕಾರ್ಡಿನ ಗೇಮಿಂಗ್ ಯಂತ್ರವನ್ನು ಸುಮ್ಮನಾಗಿಸುವುದು ಇದಕ್ಕಿಂತ ಕಷ್ಟ. ನ್ಯಾಯವಾಗಿ ಹೇಳಬೇಕೆಂದರೆ, ಸದ್ದೇ ಇಲ್ಲದ್ದು ಬೇಕಾದವರಿಗೆ ಮ್ಯಾಕ್‌ಬುಕ್ ಏರ್ ಇದೆ. 2020ರ ಎಂ1 ಮಾದರಿಯಿಂದ ಅದರಲ್ಲಿ ಫ್ಯಾನೇ ಇಲ್ಲ, ಒಳಗಿನ ಗ್ರಾಫಿಕ್ಸೂ ಚೆನ್ನಾಗಿದೆ. ಮಡಚಲಾಗದು, ಪರದೆ ಮುಟ್ಟಿದರೆ ಏನೂ ಆಗದು, ಪೆನ್ನಿಲ್ಲ.

ಪೆನ್ನು ನನಗೆ ಯಾಕೆ ಮುಖ್ಯ ಅಂದರೆ, ನಿಮ್ಮಲ್ಲಿ ಬಹಳ ಮಂದಿ ಕನ್ನಡ ಓದಬಲ್ಲಿರಿ, ಟೈಪ್ ಮಾಡಬಲ್ಲಿರಿ, ಕೈಯಲ್ಲಿ ಬರೆಯುವುದು ಬಿಟ್ಟುಹೋಗಿದೆ. ಟೈಪ್ ಮಾಡಲು ಕಷ್ಟವಿಲ್ಲ. 2019ರ ಮೇ ತಿಂಗಳ ವಿಂಡೋಸ್ ಅಪ್‌ಡೇಟ್‌ನಿಂದ ಕನ್ನಡದ ಫೊನೆಟಿಕ್ ಕೀಲಿಮಣೆ ಒಳಗೇ ಬರುತ್ತಿದೆ. ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿದರೆ ಮುಗಿಯಿತು. ಊರಿನಲ್ಲಿ ನುಡಿ ತಂತ್ರಾಂಶದಲ್ಲಿ ಕಲಿತವರಿಗೆ ಕೆ. ಪಿ. ರಾವ್ ಅವರ ವಿನ್ಯಾಸ ಬೆರಳಿಗೆ ಕೂತಿರುತ್ತದೆ, ನನಗೂ ಅದೇ. ಆದರೆ ಒತ್ತಕ್ಷರ ಕೈಗೆ ಹತ್ತಬೇಕಾದರೆ ಬರೆಯಲೇಬೇಕು. ಪರದೆಯ ಮೇಲೆ ದೊಡ್ಡದಾಗಿ ಬರೆದು, ಅಳಿಸಿ, ಮತ್ತೆ ಬರೆಯುವುದಕ್ಕೆ ಸಂಕೋಚವೂ ಇಲ್ಲ, ಕಾಗದವೂ ಹಾಳಾಗದು. ಇಂಗ್ಲಿಷಿನ ಗೀಚು ಬರವಣಿಗೆಯಲ್ಲಿ ಪೆನ್ನು ಸ್ವಲ್ಪ ಹಿಂದುಳಿದರೂ ತಿಳಿಯುವುದಿಲ್ಲ. ಕನ್ನಡ ಹಾಗಲ್ಲ. ಪುಟ್ಟ ಜಾಗದಲ್ಲಿ ಸುತ್ತು, ಕೊಂಬು, ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ತುದಿ ಮುಟ್ಟಿದ ಜಾಗಕ್ಕೂ ಗೆರೆ ಬೀಳುವ ಜಾಗಕ್ಕೂ ಕೂದಲೆಳೆ ಅಂತರವಿದ್ದರೂ ಅಕ್ಷರ ಕೆಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಪೆನ್ನು ಕೇಳಿ ಪಡೆದು ‘ರಾಷ್ಟ್ರ’, ‘ಲಕ್ಷ್ಮಿ’, ‘ಕರ್ನಾಟಕ’ ಈ ಮೂರು ಪದ ನಿಮ್ಮ ಮಾಮೂಲಿ ವೇಗದಲ್ಲಿ, ಅಂಗೈ ಪರದೆಯ ಮೇಲೆ ಊರಿ ಬರೆದು ನೋಡಿ. ಅಂಗೈ ಗೆರೆ ಎಳೆದರೆ ಅಥವಾ ಒತ್ತಕ್ಷರ ಜಾರಿದರೆ ಆ ಯಂತ್ರ ಬೇಡ. ಕೆಲವು ಮಾದರಿಗೆ ಪೆನ್ನು ಜೊತೆಗೇ ಬರುತ್ತದೆ, ಕೆಲವಕ್ಕೆ ಬೇರೆ ಕೊಳ್ಳಬೇಕು; ಆ ಹಣವನ್ನೂ ಲೆಕ್ಕಕ್ಕೆ ಸೇರಿಸಿ.

ಪರದೆಯ ವಿಷಯದಲ್ಲಿ ಒಂದು ಸಂದಿಗ್ಧವಿದೆ. 1920 ಗುಣಿಸು 1200 ಚುಕ್ಕೆಯ ಪರದೆಯಲ್ಲಿ ಒಟ್ಟು 23 ಲಕ್ಷ ಚುಕ್ಕೆ. 2880 ಗುಣಿಸು 1800 ಆದರೆ ಸುಮಾರು 52 ಲಕ್ಷ. ಒಳಗಿನ ಗ್ರಾಫಿಕ್ಸ್‌ಗೆ ಎರಡು ಪಟ್ಟಿಗಿಂತ ಹೆಚ್ಚು ಕೆಲಸ. ಆಟಕ್ಕೆ ಮೊದಲನೆಯದೇ ಸರಿ. ಆದರೆ ಸಣ್ಣ ಅಕ್ಷರದಲ್ಲಿ ಕನ್ನಡ ಓದುವವರಿಗೆ ಎರಡನೆಯದರಲ್ಲಿ ಒತ್ತುಗಳು ಎಷ್ಟು ಚೊಕ್ಕಟವಾಗಿ ಕಾಣುತ್ತವೆ ಅಂದರೆ, ಒಮ್ಮೆ ನೋಡಿದವರಿಗೆ ಹಿಂದಿರುಗುವುದು ಕಷ್ಟ. ನಾನಾದರೆ ಎರಡನೆಯದು ಆರಿಸಿ, ಆಟ ಆಡುವಾಗ ಮಾತ್ರ ಆಟದ ಸೆಟ್ಟಿಂಗ್‌ನಲ್ಲಿ ಚುಕ್ಕೆ ಕಡಿಮೆ ಮಾಡಿಕೊಳ್ಳುತ್ತೇನೆ. ಆದರೆ ಅದಕ್ಕೆ ಇನ್ನೂರು ಡಾಲರ್ ಹೆಚ್ಚು ಕೇಳಿದರೆ ಬೇಡ.

ನೋಡಲು ಎಲ್ಲಿಗೆ ಹೋಗಬೇಕು? ನಮಗೆ ವೆಸ್ಟ್‌ಬರಿಯ ಮೈಕ್ರೋ ಸೆಂಟರ್ ದೂರವಿಲ್ಲ. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು ಅನ್ನುವ ಕಡೆ ಗ್ರಾಫಿಕ್ಸಿನ ನಿಜವಾದ ಹೆಸರು, ಮೆಮೊರಿ ಅನ್ನುವ ಕಡೆ ಅದರ ವೇಗ, ಎಷ್ಟು ಸ್ಲಾಟ್ ತುಂಬಿದೆ ಎಲ್ಲ ಕಾಣುತ್ತದೆ. ರೋ ಆಫ್ ಚಿಪ್ಸ್ ಅಂತ ಇದ್ದರೆ ಮೆಮೊರಿ ಬೆಸೆದದ್ದು. ಸ್ಲಾಟ್ ಎರಡಿದ್ದು ಒಂದೇ ತುಂಬಿದ್ದರೆ ಒಂದು ಕಡ್ಡಿ ಅಂತ ತಿಳಿಯಿರಿ. ಇನ್ನೊಂದು ಕೊಳ್ಳುವ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಕೆಲವು ಕಡೆ ಇದನ್ನೆಲ್ಲ ತೆರೆಯಲು ಬಿಡುವುದಿಲ್ಲ. ಆಗ ಕೆಳಗಿನ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯ ಫೋಟೋ ತೆಗೆದುಕೊಂಡು ಬನ್ನಿ. ಕಂಪನಿಯ ತಾಣದಲ್ಲಿ ಆ ಸಂಖ್ಯೆಗೆ ಎಲ್ಲ ವಿವರ ಸಿಗುತ್ತದೆ. ಅದು ಸಿಗದೆ ಹಣ ಕೊಡಬೇಡಿ.

ಕೊಂಡ ಮೇಲೆ ಹಿಂದಿರುಗಿಸುವ ಅವಧಿಯನ್ನು ರಸೀದಿಯಲ್ಲಿ ನೋಡಿ. ಬೆಸ್ಟ್ ಬೈ, ಮೈಕ್ರೋ ಸೆಂಟರ್‌ಗಳಲ್ಲಿ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 15 ದಿನ, ಕಾಸ್ಟ್‌ಕೋದಲ್ಲಿ 90. ಆ ದಿನಗಳಲ್ಲಿ ಪೆಟ್ಟಿಗೆ ಎಸೆಯದೆ ನಿಮ್ಮ ನಿಜವಾದ ಕೆಲಸವನ್ನೇ ಮಾಡಿ. ನಿಮ್ಮ ಆಟ ಅರ್ಧ ಗಂಟೆ, ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಒಂದು ಇಡೀ ಉಪನ್ಯಾಸದ ಟಿಪ್ಪಣಿ ಪೆನ್ನಿನಲ್ಲಿ. ಹಿಂಜ್ ಮಡಚಿ ಮೇಜಿನ ಮೇಲಿಟ್ಟು ಟೈಪ್ ಮಾಡುವಾಗ ಪರದೆ ಎಷ್ಟು ನಡುಗುತ್ತದೆ ಅಂತಲೂ ನೋಡಿ.

ತೆರಿಗೆಯ ಬಗ್ಗೆ ಕೇಳುವವರಿಗೆ ಒಂದು ಮಾತು. ನಮ್ಮ ಜೆರಿಕೋ ಟರ್ನ್‌ಪೈಕ್‌ನ ಒಂದು ಮಗ್ಗುಲು ಕ್ವೀನ್ಸ್, ಇನ್ನೊಂದು ಮಗ್ಗುಲು ನಾಸೌ. ಇತ್ತ 8.875, ಅತ್ತ 8.625 ಶೇಕಡಾ. 900 ಡಾಲರಿನ ಮೇಲೆ ಉಳಿಯುವುದು ಎರಡೂ ಕಾಲು ಡಾಲರ್, ಒಂದು ಕಾಫಿಗೂ ಸಾಲದು. ನ್ಯೂಜೆರ್ಸಿಯಲ್ಲಿ 6.625, ಅಲ್ಲಿ ಸುಮಾರು 20 ಡಾಲರ್ ಉಳಿದಂತೆ ಕಾಣುತ್ತದೆ. ಆದರೆ ಹೊರಗೆ ಕಡಿಮೆ ತೆರಿಗೆ ಕೊಟ್ಟು ತಂದ ವಸ್ತುವಿಗೆ ಉಳಿದ ತೆರಿಗೆಯನ್ನು ನ್ಯೂಯಾರ್ಕ್‌ಗೆ ಕಟ್ಟಬೇಕೆಂಬ ನಿಯಮವಿದೆ, ಮೇಲೆ ಸೇತುವೆಯ ಟೋಲ್ ಬೇರೆ. ಎಡಿಸನ್‌ಗೆ ಹೇಗೂ ದೋಸೆ ತಿನ್ನಲು ಹೊರಟಿದ್ದರೆ ದೋಸೆ ತಿಂದು ಬನ್ನಿ, ಲ್ಯಾಪ್‌ಟಾಪ್ ಇಲ್ಲೇ ತಗೊಳ್ಳಿ.